ಲೋಟದಲ್ಲಿ ಕೂಗುವ ಅಲಾರಾಂ ಟ್ಯಾಂಕಿನಲ್ಲಿ ಯಾಕೆ ಕೂಗಲ್ಲ? ಮೊದಲ ಎಲ್‌ಇಡಿಯಿಂದ ಓವರ್‌ಹೆಡ್ ಟ್ಯಾಂಕಿನವರೆಗೆ ಸಮಗ್ರ ಮಾರ್ಗದರ್ಶಿ

ಟ್ಯಾಂಕ್ ತುಂಬಿದಾಗ ಬಜರ್ ಕೂಗಿಸುವ ಸರ್ಕ್ಯೂಟನ್ನು ಎಲೆಕ್ಟ್ರಾನಿಕ್ಸ್ ಕಲಿಯುವವರೆಲ್ಲ ಒಂದು ಸಲ ಮಾಡಿಯೇ ಮಾಡುತ್ತಾರೆ. ಮಾಡಿದವರ ದೂರು ಮಾತ್ರ ಎರಡೇ. ಲೋಟದ ನೀರಿನಲ್ಲಿ ಚೆನ್ನಾಗಿ ಕೂಗುತ್ತೆ, ಟ್ಯಾಂಕಿಗೆ ಇಳಿಸಿದರೆ ಉಸಿರೇ ಇಲ್ಲ. ಇಲ್ಲವೇ, ಮಳೆ ಹಿಡಿದ ಮೇಲೆ ಟ್ಯಾಂಕ್ ಖಾಲಿ ಇದ್ದರೂ ನಡುರಾತ್ರಿ ತಾನಾಗಿಯೇ ಕೂಗುತ್ತೆ.

ಎರಡಕ್ಕೂ ಕಾರಣ ಸರ್ಕ್ಯೂಟ್ ಕೆಟ್ಟಿರುವುದಲ್ಲ, ಅಳೆಯದೆ ಮುಂದಕ್ಕೆ ಹೋಗಿರುವುದು. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ, ಕರೆಂಟು ಸಲೀಸಾಗಿ ಹರಿಯುತ್ತದೆ. ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆ ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು, ಚಾವಣಿಯಿಂದ ಹಿಡಿದ ಮಳೆನೀರು ಹಾಗಲ್ಲ. ಅವುಗಳಲ್ಲಿ ಲವಣ ತೀರಾ ಕಡಿಮೆ. ಒಂದೂರಿನಲ್ಲಿ ಕೆಲಸ ಮಾಡಿದ ಸರ್ಕ್ಯೂಟನ್ನು ಇನ್ನೊಂದೂರಿನಲ್ಲಿ ಹಾಗೇ ನಕಲು ಮಾಡಿದರೆ ಅರ್ಧಂಬರ್ಧ ಉರಿಯುವ ಎಲ್‌ಇಡಿ ಸಿಗುತ್ತದೆ, ಅಷ್ಟೇ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಪ್ರತಿ ಹಂತದ ಕೊನೆಗೆ ಮೀಟರಿನಲ್ಲಿ ಬರಬೇಕಾದ ಅಂಕಿ ಕೊಟ್ಟಿದೆ. ಆ ಅಂಕಿ ಬಾರದೆ ಮುಂದಿನ ಹಂತಕ್ಕೆ ಹೋಗಬೇಡಿ.

## ಬೇಕಾಗುವ ಸಾಮಾನು

ಹಾಸನ, ಚಿಕ್ಕಮಗಳೂರಿನ ಟಿವಿ ರಿಪೇರಿ ಅಂಗಡಿಗಳ ಆಸುಪಾಸಿನಲ್ಲಿ ಕೇಳಿದರೆ ಇವುಗಳಲ್ಲಿ ಹೆಚ್ಚಿನವು ಸಿಗುತ್ತವೆ. ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆ, ಇಲ್ಲವೇ ಆನ್‌ಲೈನ್.

- ಡಿಜಿಟಲ್ ಮಲ್ಟಿಮೀಟರ್, 1. ಅತಿ ಅಗ್ಗದ್ದೂ ಸಾಕು, ಆದರೆ ಇದು ಇಲ್ಲದೆ ಶುರು ಮಾಡಬೇಡಿ.
- 400 ತೂತಿನ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ) 1, ಜಂಪರ್ ವೈರ್ ಒಂದು ಕಟ್ಟು.
- ನಾಲ್ಕು ಪೆನ್‌ಟಾರ್ಚ್ ಸೆಲ್ ಹಿಡಿಸುವ ಹೋಲ್ಡರ್ 1, ಹೊಸ ಸೆಲ್ 4.
- ಬಿಸಿ547 ಟ್ರಾನ್ಸಿಸ್ಟರ್ 5. ಬೇಕಾಗುವುದು ಎರಡೇ, ಕಲಿಯುವಾಗ ಒಂದೆರಡು ಸಾಯುತ್ತವೆ.
- ಕಾಲು ವ್ಯಾಟ್ ರೆಸಿಸ್ಟರ್‌ಗಳು: 470 ಓಮ್, 1 ಕಿಲೋ ಓಮ್, 10 ಕಿಲೋ ಓಮ್, 100 ಕಿಲೋ ಓಮ್. ಪ್ರತಿಯೊಂದೂ 5.
- 5 ಮಿಲಿಮೀಟರಿನ ಕೆಂಪು ಎಲ್‌ಇಡಿ 5.
- 104 ಎಂದು ಬರೆದಿರುವ ಸೆರಾಮಿಕ್ ಕೆಪಾಸಿಟರ್ 1. ಅಂದರೆ 0.1 ಮೈಕ್ರೋಫ್ಯಾರಡ್.
- ಕೆಂಪು, ಕಪ್ಪು ವೈರ್ ಇರುವ 3ರಿಂದ 24 ವೋಲ್ಟಿನ ಪೀಜೋ ಬಜರ್ 1.

ಬಜರ್ ಕೊಳ್ಳುವಾಗ ಎಚ್ಚರ. ನೋಡಲು ಒಂದೇ ಥರ ಇರುವ ಎರಡು ಜಾತಿಗಳಿವೆ. ಬ್ಯಾಟರಿಗೆ ಮುಟ್ಟಿಸಿದ ಕೂಡಲೇ ಕೂಗುವುದು ಆಕ್ಟಿವ್, ಬರೀ ‘ಟಕ್’ ಎಂದು ಸುಮ್ಮನಾಗುವುದು ಪ್ಯಾಸಿವ್. ನಮಗೆ ಬೇಕಿರುವುದು ಆಕ್ಟಿವ್. ಅಂಗಡಿಯಲ್ಲೇ ನಾಲ್ಕು ಸೆಲ್ಲಿನ ಹೋಲ್ಡರಿಗೆ ಮುಟ್ಟಿಸಿ ಕೇಳಿಸಿಕೊಂಡು ಬನ್ನಿ.

9 ವೋಲ್ಟಿನ ಚೌಕ ಬ್ಯಾಟರಿ ಬೇಕಿಲ್ಲ. ಅದರ ಒಳಗಿನ ಸೆಲ್‌ಗಳು ಚಿಕ್ಕವು, ಬೇಗ ಸೊರಗುತ್ತವೆ. ನಾಲ್ಕು ಪೆನ್‌ಟಾರ್ಚ್ ಸೆಲ್ಲಿನ 6 ವೋಲ್ಟ್ ಈ ಕೆಲಸಕ್ಕೆ ಧಾರಾಳ.

ಕರೆಂಟಿನ ಪ್ಲಗ್ಗಿನಿಂದ ನಡೆಸಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ, 400 ವೋಲ್ಟಿನ ಒಂದು ಕೆಪಾಸಿಟರ್ ಹಾಕಿ 230 ವೋಲ್ಟನ್ನು ಇಳಿಸುವ ಸರ್ಕ್ಯೂಟುಗಳು ಅಲ್ಲಲ್ಲಿ ಓಡಾಡುತ್ತವೆ. ಅವುಗಳಲ್ಲಿ ಕಡಿಮೆ ವೋಲ್ಟೇಜಿನ ಭಾಗವೂ ಮೇನ್ಸ್‌ಗೆ ನೇರವಾಗಿ ತಗುಲಿಕೊಂಡಿರುತ್ತದೆ. ಅದರ ವೈರನ್ನು ಟ್ಯಾಂಕಿಗೆ ಇಳಿಸಿದರೆ ಬಚ್ಚಲಿನ ನಲ್ಲಿ ಮುಟ್ಟಿದವರಿಗೆ ಶಾಕ್. ನೀರಿಗೆ ಇಳಿಯುವ ಸರ್ಕ್ಯೂಟಿಗೆ ಸೆಲ್ ಮಾತ್ರ.

## ಹಂತ 1: ಮೀಟರ್ ಹಿಡಿಯುವುದು

1. ಕಪ್ಪು ವೈರನ್ನು ‘ಕಾಮ್’ ಸಾಕೆಟ್ಟಿಗೆ, ಕೆಂಪು ವೈರನ್ನು ವೋಲ್ಟ್ ಮತ್ತು ಓಮ್ ಗುರುತಿನ ಸಾಕೆಟ್ಟಿಗೆ ಹಾಕಿ. 10 ಆಂಪಿಯರಿನ ಸಾಕೆಟ್ ಇದೆಯಲ್ಲ, ಈ ಮಾರ್ಗದರ್ಶಿ ಮುಗಿಯುವವರೆಗೂ ಅದನ್ನು ಮುಟ್ಟಬೇಡಿ.
2. ಡಿಸಿ ವೋಲ್ಟ್ ವಿಭಾಗದಲ್ಲಿ ನಾಬನ್ನು 20ಕ್ಕೆ ತಿರುಗಿಸಿ.
3. ಹೋಲ್ಡರಿಗೆ ಸೆಲ್ ಹಾಕಿ ಎರಡು ವೈರಿನ ತುದಿ ಅಳೆಯಿರಿ. ಹೊಸ ಸೆಲ್ಲುಗಳಾದರೆ 6.2ರ ಆಸುಪಾಸು ಬರಬೇಕು. 3 ವೋಲ್ಟ್ ಬಂದರೆ ಒಂದು ಸೆಲ್ ತಲೆಕೆಳಗಾಗಿದೆ.

10 ಆಂಪ್ ಸಾಕೆಟ್ ಯಾಕೆ ಬೇಡವೆಂದರೆ, ಆ ದಾರಿಯಲ್ಲಿ ಮೀಟರಿನೊಳಗೆ ಇರುವುದು ದಪ್ಪ ತಂತಿಯ ತುಂಡು. ಕೆಂಪು ವೈರನ್ನು ಅಲ್ಲಿ ಬಿಟ್ಟು ವೋಲ್ಟೇಜ್ ಅಳೆಯಲು ಹೋದರೆ ಬ್ಯಾಟರಿಯನ್ನು ಶಾರ್ಟ್ ಮಾಡಿದಂತೆಯೇ. ಸೆಲ್ಲಿನಲ್ಲಾದರೆ ವೈರ್ ಬಿಸಿಯಾಗಿ ಮುಗಿಯುತ್ತದೆ. ಅದೇ ತಪ್ಪನ್ನು ಗೋಡೆಯ ಪ್ಲಗ್ಗಿನಲ್ಲಿ ಮಾಡಿದರೆ ಮೀಟರ್ ಕೈಯಲ್ಲೇ ಸಿಡಿಯುತ್ತದೆ. ಅಗ್ಗದ ಮೀಟರುಗಳಲ್ಲಿ ಈ ಸಾಕೆಟ್ಟಿಗೆ ಫ್ಯೂಸ್ ಕೂಡ ಇರುವುದಿಲ್ಲ.

ಇನ್ನೊಂದು ನಿಯಮ: ಓಮ್ ಅಳೆಯುವಾಗ ಸೆಲ್ ಕಳಚಿರಬೇಕು, ವೋಲ್ಟ್ ಅಳೆಯುವಾಗ ಸರ್ಕ್ಯೂಟ್ ಚಾಲೂ ಇರಬೇಕು. ಕರೆಂಟನ್ನು ನೇರವಾಗಿ ಅಳೆಯುವ ಕೆಲಸವೇ ಇಲ್ಲಿ ಇಲ್ಲ, ಲೆಕ್ಕದಿಂದ ತೆಗೆಯುತ್ತೇವೆ.

## ಹಂತ 2: ರೆಸಿಸ್ಟರ್ ಗುರುತಿಸುವುದು

ನಾಲ್ಕು ಪಟ್ಟಿಯ ಕಂದು ಮೈಯ ರೆಸಿಸ್ಟರ್‌ಗಳಲ್ಲಿ ಚಿನ್ನದ ಪಟ್ಟಿ ಬಲಕ್ಕೆ ಬರುವಂತೆ ಹಿಡಿಯಿರಿ. 470 ಓಮ್: ಹಳದಿ, ನೇರಳೆ, ಕಂದು. 1 ಕಿಲೋ: ಕಂದು, ಕಪ್ಪು, ಕೆಂಪು. 10 ಕಿಲೋ: ಕಂದು, ಕಪ್ಪು, ಕಿತ್ತಳೆ. 100 ಕಿಲೋ: ಕಂದು, ಕಪ್ಪು, ಹಳದಿ.

ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕೆಂಪು, ಕಿತ್ತಳೆ, ಕಂದು ಮೂರೂ ಒಂದೇ ಥರ ಕಾಣುತ್ತವೆ. ನೀಲಿ ಮೈಯ ಐದು ಪಟ್ಟಿಯವುಗಳಲ್ಲಂತೂ ಯಾವ ಕಡೆಯಿಂದ ಓದಬೇಕೆಂಬುದೇ ಗೊಂದಲ. ಹಾಗಾಗಿ ಬಣ್ಣ ಕಲಿಯಿರಿ, ಆದರೆ ನಂಬಬೇಡಿ. ಪ್ರತಿ ರೆಸಿಸ್ಟರನ್ನೂ ಮೀಟರಿನಲ್ಲಿ ಅಳೆದು ಬಿಳಿ ಹಾಳೆಗೆ ಅಂಟಿಸಿ ಅಂಕಿ ಬರೆದಿಡಿ. ಚಿನ್ನದ ಪಟ್ಟಿ ಎಂದರೆ ಶೇಕಡಾ 5ರಷ್ಟು ಹೆಚ್ಚು–ಕಡಿಮೆ ಇರಬಹುದು ಎಂದರ್ಥ. 470ರ ಜಾಗದಲ್ಲಿ 447ರಿಂದ 493ರವರೆಗೆ ಏನು ಬಂದರೂ ಸರಿ.

ಅಳೆಯುವಾಗ ಎರಡೂ ಕಾಲನ್ನು ಬೆರಳಲ್ಲಿ ಒತ್ತಿ ಹಿಡಿದರೆ ನಿಮ್ಮ ಮೈಯ ರೆಸಿಸ್ಟೆನ್ಸೂ ಅದಕ್ಕೆ ಸೇರಿಕೊಳ್ಳುತ್ತದೆ. 470 ಓಮಿನಲ್ಲಿ ಇದು ಗೊತ್ತಾಗುವುದಿಲ್ಲ. 100 ಕಿಲೋದಲ್ಲಿ ಅಂಕಿ ಕೆಳಗಿಳಿಯುತ್ತದೆ.

## ಹಂತ 3: ಬ್ರೆಡ್‌ಬೋರ್ಡಿನ ಒಳದಾರಿ

ಬೋರ್ಡಿನ ಮೇಲೆ 1ರಿಂದ 30ರವರೆಗೆ ಸಾಲುಗಳ ಸಂಖ್ಯೆ ಇದೆ. ಒಂದೊಂದು ಸಂಖ್ಯೆಯಲ್ಲಿ ನಡುವಿನ ಕಾಲುವೆಯ ಈಚೆ ಐದು ತೂತು, ಆಚೆ ಐದು ತೂತು. ಈಚೆಯ ಐದೂ ಒಳಗೆ ಒಂದೇ. ಆಚೆಯ ಐದೂ ಒಂದೇ. ಕಾಲುವೆ ದಾಟಿ ಸಂಬಂಧವಿಲ್ಲ. ಅಂಚಿನ ಕೆಂಪು, ನೀಲಿ ಗೆರೆಗಳ ಪಕ್ಕದ ತೂತುಗಳು ಉದ್ದಕ್ಕೂ ಕೂಡಿಕೊಂಡಿವೆ. ಕೆಂಪಿಗೆ ಪ್ಲಸ್, ನೀಲಿಗೆ ಮೈನಸ್ ಕೊಡುವುದು ರೂಢಿ.

ದೊಡ್ಡ 830 ತೂತಿನ ಬೋರ್ಡುಗಳಲ್ಲಿ ಕೆಲವಕ್ಕೆ ಈ ಅಂಚಿನ ಗೆರೆ ನಟ್ಟನಡುವೆ ತುಂಡಾಗಿರುತ್ತದೆ. ಅರ್ಧ ಬೋರ್ಡಿಗೆ ಕರೆಂಟು ಬರುವುದಿಲ್ಲ, ಜನ ಟ್ರಾನ್ಸಿಸ್ಟರನ್ನು ಬೈಯುತ್ತಾರೆ. ಮೀಟರನ್ನು ಬೀಪ್ ಶಬ್ದದ ಜಾಗಕ್ಕೆ ತಿರುಗಿಸಿ ಗೆರೆಯ ಎರಡು ತುದಿಗೂ ಒಂದೊಂದು ಜಂಪರ್ ಚುಚ್ಚಿ, ಅವಕ್ಕೆ ಮೀಟರಿನ ವೈರ್ ಮುಟ್ಟಿಸಿ ನೋಡಿ. ಬೀಪ್ ಬಾರದಿದ್ದರೆ ನಡುವೆ ಒಂದು ಜಂಪರ್ ಹಾಕಿ.

ಒಂದೇ ರೆಸಿಸ್ಟರಿನ ಎರಡೂ ಕಾಲನ್ನು ಒಂದೇ ಸಾಲಿಗೆ ಚುಚ್ಚುವುದು ಹೊಸಬರೆಲ್ಲರೂ ಮಾಡುವ ತಪ್ಪು. ಕರೆಂಟು ರೆಸಿಸ್ಟರನ್ನು ಸುತ್ತಿಕೊಂಡು ಬೋರ್ಡಿನ ಲೋಹದಲ್ಲೇ ಹೋಗಿಬಿಡುತ್ತದೆ, ರೆಸಿಸ್ಟರ್ ಇದ್ದೂ ಇಲ್ಲದಂತೆ.

## ಹಂತ 4: ಒಂದು ಎಲ್‌ಇಡಿ, ಒಂದು ರೆಸಿಸ್ಟರ್, ಮೂರು ಅಳತೆ

ವೋಲ್ಟೇಜು, ಕರೆಂಟು, ರೆಸಿಸ್ಟೆನ್ಸನ್ನು ನೀರಿನ ಪೈಪಿಗೆ ಹೋಲಿಸುವ ಪಾಠ ಎಲ್ಲರೂ ಕೇಳಿರುತ್ತೀರಿ. ಲೆಕ್ಕ ಬಂದರೆ ಅದು ಬೇಕಾಗುವುದಿಲ್ಲ. ರೆಸಿಸ್ಟರಿನ ಎರಡು ತುದಿಯ ನಡುವಿನ ವೋಲ್ಟನ್ನು ಅದರ ಓಮ್‌ನಿಂದ ಭಾಗಿಸಿದರೆ ಅದರಲ್ಲಿ ಹರಿಯುವ ಕರೆಂಟು ಆಂಪಿಯರಿನಲ್ಲಿ ಸಿಗುತ್ತದೆ. ಓಮ್‌ನ ನಿಯಮ ಅಂದರೆ ಇಷ್ಟೇ, ಮುಂದಿನ ಎಲ್ಲಾ ಹಂತಕ್ಕೂ ಇಷ್ಟೇ ಸಾಕು.

1. ಬ್ಯಾಟರಿ ಪ್ಲಸ್ಸನ್ನು ಕೆಂಪು ಗೆರೆಗೆ, ಮೈನಸ್ಸನ್ನು ನೀಲಿ ಗೆರೆಗೆ ಹಾಕಿ.
2. 470 ಓಮಿನ ಒಂದು ಕಾಲು ಕೆಂಪು ಗೆರೆಗೆ, ಇನ್ನೊಂದು 3ನೇ ಸಾಲಿಗೆ.
3. ಎಲ್‌ಇಡಿಯ ಉದ್ದ ಕಾಲು 3ನೇ ಸಾಲಿಗೆ, ಗಿಡ್ಡ ಕಾಲು 5ನೇ ಸಾಲಿಗೆ. 5ನೇ ಸಾಲಿನಿಂದ ನೀಲಿ ಗೆರೆಗೆ ಜಂಪರ್.

ಎಲ್‌ಇಡಿ ಉರಿಯಬೇಕು. ಉರಿಯದಿದ್ದರೆ ತಿರುಗಿಸಿ ಹಾಕಿ. ರೆಸಿಸ್ಟರ್ ಇರುವಾಗ, ಈ ವೋಲ್ಟೇಜಿನಲ್ಲಿ ಒಂದೆರಡು ಕ್ಷಣ ತಿರುವುಮುರುವಾದರೆ ಎಲ್‌ಇಡಿ ಸಾಯುವುದಿಲ್ಲ. ಕಾಲು ಕತ್ತರಿಸಿದ ಎಲ್‌ಇಡಿಯಾದರೆ ಅಂಚಿನಲ್ಲಿ ಚಪ್ಪಟೆ ಇರುವ ಕಡೆ ಮೈನಸ್.

ಈಗ ಮೂರು ಕಡೆ ವೋಲ್ಟ್ ಅಳೆಯಿರಿ. ಬ್ಯಾಟರಿಯಲ್ಲಿ 6.2 ಇದ್ದರೆ ಎಲ್‌ಇಡಿಯ ಎರಡು ಕಾಲಿನ ನಡುವೆ 1.9ರ ಹತ್ತಿರ, ರೆಸಿಸ್ಟರಿನ ಎರಡು ಕಾಲಿನ ನಡುವೆ 4.3ರ ಹತ್ತಿರ ಬರುತ್ತದೆ. ಎರಡನ್ನು ಕೂಡಿಸಿದರೆ ಬ್ಯಾಟರಿಯ ವೋಲ್ಟೇಜ್. 4.3ನ್ನು 470ರಿಂದ ಭಾಗಿಸಿ: 0.009 ಆಂಪಿಯರ್, ಅಂದರೆ 9 ಮಿಲಿಆಂಪಿಯರ್.

ರೆಸಿಸ್ಟರ್ ತೆಗೆದು ಎಲ್‌ಇಡಿಯನ್ನು ನೇರ 6 ವೋಲ್ಟಿಗೆ ಕೊಟ್ಟರೆ ಒಮ್ಮೆ ಜೋರಾಗಿ ಮಿಂಚಿ, ಬಣ್ಣ ಕಿತ್ತಳೆಗೆ ತಿರುಗಿ, ಸತ್ತುಹೋಗುತ್ತದೆ. ಎಲ್‌ಇಡಿ ತನಗೆ ಬೇಕಾದಷ್ಟೇ ಕರೆಂಟು ತೆಗೆದುಕೊಳ್ಳುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಬಲ್ಬಿಗೆ ಆ ಮಾತು ಸಲ್ಲುತ್ತದೆ, ಎಲ್‌ಇಡಿಗೆ ಸಲ್ಲುವುದಿಲ್ಲ. ಅದಕ್ಕೆ ಮಿತಿ ಹಾಕುವುದು ರೆಸಿಸ್ಟರ್ ಮಾತ್ರ.

## ಹಂತ 5: ಟ್ರಾನ್ಸಿಸ್ಟರನ್ನು ಸ್ವಿಚ್ ಮಾಡುವುದು

ನೀರಿನಲ್ಲಿ ಹರಿಯುವ ಕರೆಂಟು ತೀರಾ ಸಣ್ಣದು, ಬಜರನ್ನು ಕೂಗಿಸಲು ಸಾಲದು. ಟ್ರಾನ್ಸಿಸ್ಟರಿನ ಕೆಲಸ ಇಲ್ಲಿದೆ. ಅದಕ್ಕೆ ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ಕಾಲುಗಳು: ಬೇಸ್‌ನಿಂದ ಎಮಿಟರಿಗೆ ಹರಿಯುವ ಸಣ್ಣ ಕರೆಂಟು, ಕಲೆಕ್ಟರಿನಿಂದ ಎಮಿಟರಿಗೆ ಅದರ ನೂರಿನ್ನೂರು ಪಟ್ಟು ಕರೆಂಟು ಹರಿಯಲು ಬಿಡುತ್ತದೆ.

ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಮಾಡಿ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯವರು ‘ಇದೂ ಅದೇ’ ಎಂದು 2222 ಕೊಟ್ಟರೆ ಹಾಗೇ ಹಾಕಬೇಡಿ. ಅದರ ಪ್ಲಾಸ್ಟಿಕ್ ಮೈಯ ಎಷ್ಟೋ ನಮೂನೆಗಳಲ್ಲಿ ಎಡಗಾಲೇ ಎಮಿಟರ್.

ಹಾಕುವ ಮೊದಲು ಮೀಟರಿನ ಡಯೋಡ್ ಗುರುತಿನಲ್ಲಿ ಪರೀಕ್ಷೆ: ಕೆಂಪು ವೈರ್ ಬೇಸಿನ ಮೇಲೆ, ಕಪ್ಪು ವೈರ್ ಎಮಿಟರಿಗೆ, ಆಮೇಲೆ ಕಲೆಕ್ಟರಿಗೆ. ಎರಡರಲ್ಲೂ 0.6ರಿಂದ 0.75 (ಕೆಲವು ಮೀಟರಿನಲ್ಲಿ 600ರಿಂದ 750) ಬರಬೇಕು. ಉಳಿದ ಎಲ್ಲ ಜೋಡಿಗೂ, ತಿರುಗಿಸಿ ಹಿಡಿದರೂ, ಏನೂ ಹರಿಯಬಾರದು. ಎಲ್ಲಾದರೂ ಸೊನ್ನೆಯ ಹತ್ತಿರ ಬಂದರೆ ಅದು ಸತ್ತ ಟ್ರಾನ್ಸಿಸ್ಟರ್, ಎಸೆಯಿರಿ.

ಹಂತ 4ರ ಭಾಗಗಳನ್ನು ತೆಗೆದುಬಿಡಿ. ಸೆಲ್ ಕಳಚಿ, ಸಾಲಿನ ಸಂಖ್ಯೆ ಎಡದಿಂದ ಬಲಕ್ಕೆ ಏರುವಂತೆ ಬೋರ್ಡ್ ಇಟ್ಟುಕೊಂಡು, ಕಾಲುವೆಯ ಈಚೆ ಬದಿಯಲ್ಲೇ ಎಲ್ಲವನ್ನೂ ಹಾಕಿ:

1. ಟ್ರಾನ್ಸಿಸ್ಟರಿನ ಕಲೆಕ್ಟರ್ 10ನೇ ಸಾಲಿಗೆ, ಬೇಸ್ 11ಕ್ಕೆ, ಎಮಿಟರ್ 12ಕ್ಕೆ. ಚಪ್ಪಟೆ ಮುಖ ನಿಮ್ಮ ಕಡೆಗೆ.
2. 12ನೇ ಸಾಲಿನಿಂದ ನೀಲಿ ಗೆರೆಗೆ ಜಂಪರ್.
3. ಎಲ್‌ಇಡಿಯ ಗಿಡ್ಡ ಕಾಲು 10ಕ್ಕೆ, ಉದ್ದ ಕಾಲು 8ಕ್ಕೆ. 8ರಿಂದ ಕೆಂಪು ಗೆರೆಗೆ 470 ಓಮ್.
4. ಬಜರಿನ ಕಪ್ಪು ವೈರ್ 10ಕ್ಕೆ, ಕೆಂಪು ವೈರ್ ಕೆಂಪು ಗೆರೆಗೆ.
5. 11ರಿಂದ 15ಕ್ಕೆ 10 ಕಿಲೋ ಓಮ್.
6. 11ರಿಂದ ನೀಲಿ ಗೆರೆಗೆ 100 ಕಿಲೋ ಓಮ್.
7. ಕೆಂಪು ಗೆರೆಯಿಂದ 24ಕ್ಕೆ 1 ಕಿಲೋ ಓಮ್.
8. 15ಕ್ಕೆ ಒಂದು ಉದ್ದ ವೈರ್, 24ಕ್ಕೆ ಇನ್ನೊಂದು. ಇವೆರಡೇ ನೀರಿಗೆ ಇಳಿಯುವ ಕಂಬಿಗಳು.

ಸೆಲ್ ಹಾಕಿ. ಎಲ್ಲಾ ಸುಮ್ಮನಿರಬೇಕು. ಎರಡು ಉದ್ದ ವೈರಿನ ತುದಿ ಒಂದಕ್ಕೊಂದು ಮುಟ್ಟಿಸಿ. ಬಜರ್ ಕೂಗಿ, ಎಲ್‌ಇಡಿ ಪೂರ್ತಿ ಉರಿಯಬೇಕು.

ಮುಟ್ಟಿಸಿ ಹಿಡಿದೇ ಅಳೆಯಿರಿ: 11 ಮತ್ತು 12ರ ನಡುವೆ 0.7 ವೋಲ್ಟ್, 10 ಮತ್ತು 12ರ ನಡುವೆ 0.2 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ. ಈ ಎರಡನೆಯ ಅಂಕಿಯೇ ಮುಖ್ಯ. ಕಲೆಕ್ಟರ್–ಎಮಿಟರ್ ನಡುವೆ 0.2 ಇದ್ದರೆ ಟ್ರಾನ್ಸಿಸ್ಟರ್ ಪೂರ್ತಿ ತೆರೆದಿದೆ. ಅಲ್ಲಿ 1, 2, 3 ವೋಲ್ಟ್ ಉಳಿದಿದ್ದರೆ ಅರ್ಧ ತೆರೆದಿದೆ, ಬಜರಿಗೆ ಸಿಗಬೇಕಾದ ವೋಲ್ಟೇಜನ್ನು ಟ್ರಾನ್ಸಿಸ್ಟರೇ ತಿಂದುಹಾಕುತ್ತಿದೆ.

ಎಲ್‌ಇಡಿ ಮಂಕಾಗಿ ಉರಿದರೆ ಮೊದಲು ಕಾಲು ನೋಡಿ. ಕಲೆಕ್ಟರ್, ಎಮಿಟರ್ ಅದಲುಬದಲಾದರೂ ಟ್ರಾನ್ಸಿಸ್ಟರ್ ಚೂರುಪಾರು ಕೆಲಸ ಮಾಡುತ್ತದೆ, ಅದಕ್ಕೇ ಈ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ. ಬೇಸಿಗೆ ರೆಸಿಸ್ಟರ್ ಇಲ್ಲದೆ ನೇರ ಪ್ಲಸ್ ಮುಟ್ಟಿಸಿದರೆ ಟ್ರಾನ್ಸಿಸ್ಟರ್ ಸಾಯುತ್ತದೆ. 1 ಕಿಲೋ ಮತ್ತು 10 ಕಿಲೋ ಇರುವುದು ಅದಕ್ಕೇ.

## ಹಂತ 6: ನಿಮ್ಮ ಮನೆಯ ನೀರನ್ನು ಅಳೆಯುವುದು

ಹೆಚ್ಚಿನವರು ಸೋಲುವುದು ಇಲ್ಲಿ.

ಮೊದಲ ಮಾತು, ನೀರಿಗೆ ಉಪ್ಪು ಹಾಕಿ ಪರೀಕ್ಷಿಸಬೇಡಿ. ಎಷ್ಟೋ ವಿಡಿಯೋಗಳಲ್ಲಿ ಚಿಟಿಕೆ ಉಪ್ಪು ಹಾಕಿ ತೋರಿಸುತ್ತಾರೆ. ಉಪ್ಪುನೀರಿನಲ್ಲಿ ಕೂಗದ ಸರ್ಕ್ಯೂಟೇ ಇಲ್ಲ, ಆದರೆ ಟ್ಯಾಂಕಿಗೆ ಯಾರೂ ಉಪ್ಪು ಸುರಿಯುವುದಿಲ್ಲ. ಕುಡಿಯುವ ಫಿಲ್ಟರಿನ ನೀರೂ ಬೇಡ. ಯಾವ ಟ್ಯಾಂಕಿಗೆ ಹಾಕುತ್ತೀರೋ ಅದೇ ಟ್ಯಾಂಕಿನಿಂದ ಒಂದು ಲೋಟ ನೀರು ತನ್ನಿ.

ಎರಡನೆಯದು, ಮೀಟರಿನ ಓಮ್ ವಿಭಾಗದಿಂದ ನೀರಿನ ರೆಸಿಸ್ಟೆನ್ಸ್ ಅಳೆಯಲು ಹೋಗಬೇಡಿ. ಡಿಸಿ ಕರೆಂಟು ಹರಿದಂತೆ ಕಂಬಿಗಳ ಮೈಯಲ್ಲಿ ಪದರ ಕಟ್ಟಿಕೊಂಡು ಅಂಕಿ ಏರುತ್ತಲೇ ಹೋಗುತ್ತದೆ, ನಿಲ್ಲುವುದೇ ಇಲ್ಲ. ಬೇರೆ ದಾರಿ ಇದೆ. 10 ಕಿಲೋ ರೆಸಿಸ್ಟರ್ ಈಗಾಗಲೇ ನೀರಿನ ಸಾಲಿನಲ್ಲೇ ಕೂತಿದೆ. ಅದರ ಎರಡು ಕಾಲಿನ ನಡುವಿನ ವೋಲ್ಟ್ ಅಳೆದರೆ ನೀರಿನಲ್ಲಿ ಹರಿಯುವ ಕರೆಂಟು ತಾನಾಗಿ ಸಿಗುತ್ತದೆ. 1 ವೋಲ್ಟ್ ಅಂದರೆ 0.1 ಮಿಲಿಆಂಪಿಯರ್.

1. ಎರಡು ವೈರಿನ ತುದಿಯನ್ನು 2 ಸೆಂಟಿಮೀಟರ್ ಸುಲಿದು, 2 ಸೆಂಟಿಮೀಟರ್ ಅಂತರದಲ್ಲಿ ನೀರಿಗೆ ಇಳಿಸಿ.
2. ಮೀಟರ್ 20 ವೋಲ್ಟಿನ ಜಾಗದಲ್ಲಿ. ಕೆಂಪು ವೈರ್ 15ನೇ ಸಾಲಿನಲ್ಲಿ, ಕಪ್ಪು ವೈರ್ 11ರಲ್ಲಿ.
3. ಅರ್ಧ ನಿಮಿಷ ಬಿಟ್ಟು ಅಂಕಿ ಓದಿ.

ಹೋಲಿಕೆಗೆ, ವೈರ್ ನೇರ ಮುಟ್ಟಿಸಿದರೆ 5 ವೋಲ್ಟಿನ ಹತ್ತಿರ ಬರುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ 3ಕ್ಕಿಂತ ಮೇಲೆ. ಅಬ್ಬಿ ನೀರಿನಲ್ಲಿ 2ಕ್ಕಿಂತ ಕೆಳಗಿಳಿಯಬಹುದು, ಮಳೆನೀರಿನಲ್ಲಿ 1ಕ್ಕಿಂತಲೂ ಕೆಳಗೆ.

ಬಜರಿಗೆ 10, ಎಲ್‌ಇಡಿಗೆ 9 ಮಿಲಿಆಂಪಿಯರ್ ಅಂತ ಇಟ್ಟುಕೊಂಡರೆ ಒಟ್ಟು ಸುಮಾರು 20 ಬೇಕು. ಬಿಸಿ547 ಕಡಿಮೆ ಎಂದರೂ ನೂರು ಪಟ್ಟು ಮಾಡುತ್ತದೆ. ಅಂದರೆ ಬೇಸಿಗೆ 0.2 ಮಿಲಿಆಂಪಿಯರ್ ಬೇಕು, 10 ಕಿಲೋದ ಮೇಲೆ 2 ವೋಲ್ಟ್ ಕಾಣಬೇಕು. 2ಕ್ಕಿಂತ ಹೆಚ್ಚು ಬಂದು ಕಲೆಕ್ಟರ್–ಎಮಿಟರ್ 0.3ರ ಒಳಗಿದ್ದರೆ ಹಂತ 7 ಬಿಟ್ಟು ನೇರ 8ಕ್ಕೆ ಹೋಗಿ. ಕಡಿಮೆ ಬಂದರೆ, ಬಜರ್ ಸಣ್ಣಗೆ ಕೂಗುತ್ತಿದ್ದರೂ ನೆಚ್ಚಿಕೊಳ್ಳಬೇಡಿ. ಸೆಲ್ ಸ್ವಲ್ಪ ಇಳಿದ ದಿನ ಅದು ನಿಲ್ಲುತ್ತದೆ.

ಬೇಸಿಗೆಯಲ್ಲಿ ಬೋರ್‌ವೆಲ್, ಮಳೆಗಾಲದಲ್ಲಿ ಮಳೆನೀರು ಒಂದೇ ಟ್ಯಾಂಕಿಗೆ ತುಂಬುವ ಮನೆಯಾದರೆ ಮಳೆನೀರಿನ ಲೆಕ್ಕವನ್ನೇ ಹಿಡಿಯಿರಿ.

## ಹಂತ 7: ಎರಡನೇ ಟ್ರಾನ್ಸಿಸ್ಟರ್

ಒಂದರ ಎಮಿಟರನ್ನು ಇನ್ನೊಂದರ ಬೇಸಿಗೆ ಕೊಟ್ಟರೆ ಎರಡರ ಹೆಚ್ಚಳವೂ ಗುಣಾಕಾರವಾಗುತ್ತದೆ: ನೂರು ಪಟ್ಟು ಹೋಗಿ ಹತ್ತು ಸಾವಿರ ಪಟ್ಟು. ಇದಕ್ಕೆ ಡಾರ್ಲಿಂಗ್ಟನ್ ಜೋಡಿ ಎನ್ನುತ್ತಾರೆ. ಸೆಲ್ ಕಳಚಿ ಈ ಬದಲಾವಣೆ ಮಾಡಿ:

1. ಎರಡನೇ ಬಿಸಿ547: ಕಲೆಕ್ಟರ್ 17, ಬೇಸ್ 18, ಎಮಿಟರ್ 19.
2. 19ರಿಂದ 11ಕ್ಕೆ ಜಂಪರ್. 17ರಿಂದ 10ಕ್ಕೆ ಜಂಪರ್.
3. 10 ಕಿಲೋದ 11ರಲ್ಲಿದ್ದ ಕಾಲನ್ನು ಕಿತ್ತು 18ಕ್ಕೆ. ಇನ್ನೊಂದು ಕಾಲು 15ರಲ್ಲೇ ಇರಲಿ.
4. 100 ಕಿಲೋದ 11ರಲ್ಲಿದ್ದ ಕಾಲನ್ನೂ 18ಕ್ಕೆ. ಇನ್ನೊಂದು ಕಾಲು ನೀಲಿ ಗೆರೆಯಲ್ಲೇ.
5. 104 ಕೆಪಾಸಿಟರಿನ ಒಂದು ಕಾಲು 18ಕ್ಕೆ, ಇನ್ನೊಂದು ನೀಲಿ ಗೆರೆಗೆ. ಇದಕ್ಕೆ ಪ್ಲಸ್–ಮೈನಸ್ ಇಲ್ಲ.

ನೀರಿಗೆ ಇಳಿಸಿ ಅಳೆದರೆ 18 ಮತ್ತು ನೀಲಿ ಗೆರೆಯ ನಡುವೆ 1.2ರಿಂದ 1.4 ವೋಲ್ಟ್, 10 ಮತ್ತು 12ರ ನಡುವೆ 0.7ರಿಂದ 0.9. ಇಲ್ಲಿ 0.2ಕ್ಕೆ ಇಳಿಯಲಿಲ್ಲವೆಂದು ಗಾಬರಿ ಬೇಡ, ಈ ಜೋಡಿಯ ಸ್ವಭಾವವೇ ಅದು.

100 ಕಿಲೋವನ್ನು ‘ಇಲ್ಲದಿದ್ದರೂ ಕೆಲಸ ಮಾಡುತ್ತೆ’ ಎಂದು ಬಿಡುವವರು ಬಹಳ. ಮೇಜಿನ ಮೇಲೆ ಕೆಲಸ ಮಾಡುತ್ತದೆ, ನಿಜ. ಜುಲೈನಲ್ಲಿ ಗೋಡೆ ಬೆವರುವ ಮಲೆನಾಡಿನ ಮನೆಯಲ್ಲಿ ಬೋರ್ಡಿನ ಮೇಲೆ ತೇವ ಕೂತು ಒಂದೆರಡು ಮೆಗಾಓಮಿನ ಕಳ್ಳದಾರಿ ಹುಟ್ಟುತ್ತದೆ. 6 ವೋಲ್ಟಿನಲ್ಲಿ ಅದರೊಳಗೆ ಹರಿಯುವುದು ಕೆಲವೇ ಮೈಕ್ರೋಆಂಪಿಯರ್. ಆದರೆ ಹತ್ತು ಸಾವಿರ ಪಟ್ಟು ಮಾಡುವ ಜೋಡಿಗೆ ಅಷ್ಟೇ ಸಾಕು, ಖಾಲಿ ಟ್ಯಾಂಕಿಗೂ ಬಜರ್ ಕೂಗುತ್ತದೆ. 100 ಕಿಲೋ ಇದ್ದರೆ ಬೇಸ್ 1.3 ವೋಲ್ಟಿಗೆ ಏರಲು ಮೊದಲು 13 ಮೈಕ್ರೋಆಂಪಿಯರ್ ಈ ರೆಸಿಸ್ಟರಿನಲ್ಲೇ ಹರಿದುಹೋಗಬೇಕು. ತೇವದ ಕರೆಂಟು ಅಷ್ಟಕ್ಕೆ ಮುಟ್ಟುವುದಿಲ್ಲ, ಮಳೆನೀರಿನ ಕರೆಂಟು ದಾಟುತ್ತದೆ.

## ಹಂತ 8: ಬೆಸುಗೆ ಹಾಕಿ ಡಬ್ಬಿಗೆ ಸೇರಿಸುವುದು

ಬ್ರೆಡ್‌ಬೋರ್ಡನ್ನೇ ಡಬ್ಬಿಗೆ ತುಂಬಬೇಡಿ. ಅದರ ಕ್ಲಿಪ್ಪುಗಳು ಒಂದು ಮಳೆಗಾಲಕ್ಕೆ ಕಿಲುಬು ಹಿಡಿಯುತ್ತವೆ. ತೂತಿನ ಸಾದಾ ಪಿಸಿಬಿ (ಭಾಗಗಳನ್ನು ಬೆಸೆಯುವ ಬೋರ್ಡ್) ತಂದು 25 ವ್ಯಾಟಿನ ಕಾಯಿಸುವ ಕಡ್ಡಿಯಿಂದ ಬೆಸೆಯಿರಿ. ಕಿಟಕಿ ತೆರೆದಿರಲಿ, ಸೀಸ ಇರುವ ಬೆಸುಗೆ ತಂತಿಯಾದ್ದರಿಂದ ಕೈ ತೊಳೆಯದೆ ಏನೂ ತಿನ್ನಬೇಡಿ.

ಕ್ರಮ ಹೀಗೆ. ಕಡ್ಡಿಯ ತುದಿಯನ್ನು ಕಾಲಿಗೂ ತಾಮ್ರದ ಬಿಲ್ಲೆಗೂ ಒಟ್ಟಿಗೆ ತಾಗಿಸಿ, ಎರಡು ಸೆಕೆಂಡು ಕಾಯಿಸಿ, ಆಮೇಲೆ ತಂತಿಯನ್ನು ಕಾಲಿಗೆ ಮುಟ್ಟಿಸಿ. ಕರಗಿ ಹರಡಿದ ಕೂಡಲೇ ಮೊದಲು ತಂತಿ, ಆಮೇಲೆ ಕಡ್ಡಿ ತೆಗೆಯಿರಿ. ಬೆಸುಗೆಯನ್ನು ಕಡ್ಡಿಗೆ ಹತ್ತಿಸಿಕೊಂಡು ಬಂದು ಮೆತ್ತಿದರೆ ಮಂಕಾದ ಗುಂಡು ಆಗುತ್ತದೆ. ಮುಟ್ಟಿದರೆ ಗಟ್ಟಿ, ಒಳಗೆ ಸಂಪರ್ಕವಿಲ್ಲ. ಸರಿಯಾದ ಬೆಸುಗೆ ಹೊಳೆಯುತ್ತದೆ, ಬುಡದಲ್ಲಿ ಹರಡಿ ಮೇಲಕ್ಕೆ ಸಪುರವಾಗುತ್ತದೆ.

ಕೊನೆಗೆ ಅಂಟಂಟಾಗಿ ಉಳಿದ ಫ್ಲಕ್ಸನ್ನು (ಬೆಸುಗೆ ತಂತಿಯೊಳಗಿನ ರಾಳ) ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆ ಬ್ರಷ್ಷಿನಿಂದ ತೊಳೆಯಿರಿ. ಉಳಿದ ಫ್ಲಕ್ಸ್ ತೇವ ಹೀರುತ್ತದೆ. ಒಣಗಿದ ಮೇಲೆ ಬೆಸುಗೆ ಬದಿಗೆ ಎರಡು ಕೋಟು ಬಣ್ಣವಿಲ್ಲದ ವಾರ್ನಿಷ್. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂಟನ್ನು ಬೋರ್ಡಿಗೆ ಬಳಿಯಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಪ್ಲಸ್ ವೈರಿನಲ್ಲಿ ಒಂದು ಆನ್–ಆಫ್ ಸ್ವಿಚ್ ಇರಲಿ.

## ಹಂತ 9: ಟ್ಯಾಂಕಿನಲ್ಲಿ ಕಂಬಿ ಕೂರಿಸುವುದು

ತಾಮ್ರದ ವೈರನ್ನು ಬರಿದಾಗಿ ಟ್ಯಾಂಕಿನಲ್ಲಿ ಬಿಡಬಾರದು. ಡಿಸಿ ಹರಿಯುವಾಗ ಪ್ಲಸ್ ಕಡೆಯ ಕಂಬಿ ಕರಗುತ್ತ ಹೋಗುತ್ತದೆ, ಹಸಿರು ಕಿಲುಬು ಕುಡಿಯುವ ನೀರಿಗೆ ಸೇರುತ್ತದೆ. ಎರಡು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ತನ್ನಿ. ಅವಕ್ಕೆ ಬೆಸುಗೆ ಹಿಡಿಯುವುದಿಲ್ಲ. ವೈರನ್ನು ವಾಷರ್ ಮತ್ತು ನಟ್ ನಡುವೆ ಬಿಗಿದು, ಆ ಜಾಗಕ್ಕೆ ಒಳಗೆ ಅಂಟು ಇರುವ, ಕಾಯಿಸಿದರೆ ಬಿಗಿಯುವ ಸ್ಲೀವ್ ಹಾಕಿ ಮುಚ್ಚಿ. ಕೆಳಗಿನ 2 ಸೆಂಟಿಮೀಟರ್ ಮಾತ್ರ ಬರಿದಾಗಿರಲಿ.

ಎರಡು ಸ್ಕ್ರೂಗಳನ್ನು ಪ್ಲಾಸ್ಟಿಕ್ ಪಟ್ಟಿಗೆ 3 ಸೆಂಟಿಮೀಟರ್ ಅಂತರದಲ್ಲಿ, ತುದಿ ಕೆಳಮುಖವಾಗಿ ಕೂರಿಸಿ. ಪಟ್ಟಿಯ ಮೇಲೆ ನೀರಿನ ಪೊರೆ ನಿಂತರೆ ಮಟ್ಟ ಇಳಿದ ಮೇಲೂ ಬಜರ್ ನಿಲ್ಲುವುದಿಲ್ಲ, ಅದಕ್ಕೇ ಪಟ್ಟಿಯ ಹತ್ತಿರ ಲೋಹ ಕಾಣಬಾರದು. ಓವರ್‌ಫ್ಲೋ ಪೈಪಿಗಿಂತ 5ರಿಂದ 8 ಸೆಂಟಿಮೀಟರ್ ಕೆಳಗೆ, ನೀರು ಬೀಳುವ ಪೈಪಿನಿಂದ ಆದಷ್ಟು ದೂರ ಇರಲಿ.

ಟ್ಯಾಂಕಿನಿಂದ ಮನೆಗೆ ಹಳೆ ಟೆಲಿಫೋನ್ ವೈರ್ ಸಾಕು. 20 ಮೀಟರ್ ಉದ್ದವಾದರೂ ಅದರ ರೆಸಿಸ್ಟೆನ್ಸ್ ಕೆಲವೇ ಓಮ್, 10 ಕಿಲೋದ ಎದುರು ಲೆಕ್ಕಕ್ಕಿಲ್ಲ. ಮೋಟರಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಮಾತ್ರ ಎಳೆಯಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಮಿಂಚು ಹತ್ತಿರ ಬಂದಾಗ ಟ್ಯಾಂಕಿನ ವೈರನ್ನು ಡಬ್ಬಿಯಿಂದ ಕಳಚಿಡುವಂತೆ ಎರಡು ಪಿನ್ನಿನ ಕನೆಕ್ಟರ್ ಹಾಕಿ. ಚಾವಣಿ ಹತ್ತುವುದು ಮಳೆ ಇಲ್ಲದಾಗ, ಮೋಟರ್ ಮೇನ್ ಆಫ್ ಮಾಡಿ, ಇನ್ನೊಬ್ಬರು ಕೆಳಗಿರುವಾಗ.

## ಕೂಗದಿದ್ದರೆ, ಸುಮ್ಮನಿರದಿದ್ದರೆ

ಭಾಗ ಬದಲಾಯಿಸುವ ಮೊದಲು ನಾಲ್ಕು ಅಳತೆ, ಇದೇ ಕ್ರಮದಲ್ಲಿ: ಬ್ಯಾಟರಿ, ಪ್ಲಸ್–ಮೈನಸ್ ಗೆರೆ, ಕಂಬಿಯ ಕಡೆಯ ಟ್ರಾನ್ಸಿಸ್ಟರಿನ ಬೇಸ್, ಕೊನೆಗೆ ಕಲೆಕ್ಟರ್. ಕಪ್ಪು ವೈರ್ ಯಾವಾಗಲೂ ಮೈನಸ್ಸಿನಲ್ಲಿ.

ಬಜರ್ ಕೂಗುವಾಗ ಬ್ಯಾಟರಿ 4.8ಕ್ಕಿಂತ ಕೆಳಗೆ: ಸೆಲ್ ಬದಲಿಸಿ. ಸುಮ್ಮನಿರುವಾಗ ಅಳೆದರೆ ಹಳೆ ಸೆಲ್ಲೂ 5.5 ತೋರಿಸಿ ಮೋಸ ಮಾಡುತ್ತದೆ.

ಕಂಬಿ ನೀರಿನಲ್ಲಿದೆ, ಬೇಸಿನಲ್ಲಿ 0: ವೈರ್ ಎಲ್ಲೋ ತುಂಡಾಗಿದೆ. ಡಬ್ಬಿಯ ಹತ್ತಿರವೇ ಕನೆಕ್ಟರಿನ ಎರಡು ಪಿನ್ ಮುಟ್ಟಿಸಿ. ಆಗ ಕೂಗಿದರೆ ತಪ್ಪು ಟ್ಯಾಂಕಿನ ಕಡೆ, ಹೆಚ್ಚಾಗಿ ನಟ್ಟಿನ ಬುಡದಲ್ಲಿ.

ಬೇಸಿನಲ್ಲಿ 4, 5 ವೋಲ್ಟ್: ಎಮಿಟರಿಗೆ ಮೈನಸ್ ತಲುಪಿಲ್ಲ, ಅಥವಾ ಟ್ರಾನ್ಸಿಸ್ಟರಿನ ಒಳಗೆ ಬೇಸ್–ಎಮಿಟರ್ ಕಿತ್ತುಹೋಗಿದೆ. ಆರೋಗ್ಯವಾಗಿರುವ ಬೇಸ್ ಒಂದು ಟ್ರಾನ್ಸಿಸ್ಟರಿನಲ್ಲಿ 0.7ರ ಆಸುಪಾಸು, ಜೋಡಿಯಲ್ಲಿ 1.4ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಬೇಸ್ ಸರಿ, ಕಲೆಕ್ಟರಿನಲ್ಲಿ ಪೂರ್ತಿ 6 ವೋಲ್ಟ್: ಕೊನೆಯ ಟ್ರಾನ್ಸಿಸ್ಟರ್ ಸತ್ತಿದೆ. ಕಲೆಕ್ಟರಿನಲ್ಲಿ 0.2 (ಜೋಡಿಯಲ್ಲಿ 0.7ರಿಂದ 0.9), ಬಜರ್ ಮಾತ್ರ ಸುಮ್ಮನೆ: ಬಜರಿನ ಕೆಂಪು–ಕಪ್ಪು ಅದಲುಬದಲು, ಅಥವಾ ಅದು ಪ್ಯಾಸಿವ್ ಜಾತಿ.

ಮೋಟರ್ ಹಾಕಿದ ಕೂಡಲೇ ‘ಗುರ್ರ್’ ಎಂದು ಒಡಕು ದನಿ: ಪಕ್ಕದ ಮೇನ್ಸ್ ವೈರಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಬೇಸಿಗೆ ಬರುತ್ತಿದೆ. ಹಂತ 7 ಮಾಡಿದ್ದರೆ 104 ಕೆಪಾಸಿಟರ್ ಬೆಸುಗೆ ಬಿಟ್ಟಿದೆಯೇ ನೋಡಿ, ವೈರನ್ನು ಮೋಟರ್ ವೈರಿನಿಂದ ಒಂದಡಿಯಾದರೂ ದೂರ ಸರಿಸಿ.

ಖಾಲಿ ಟ್ಯಾಂಕಿಗೆ ಕೂಗು: ಮೊದಲು ಕನೆಕ್ಟರ್ ಕಳಚಿ. ಕೂಗು ನಿಂತರೆ ತೇವ ಟ್ಯಾಂಕಿನ ಪಟ್ಟಿಯಲ್ಲಿದೆ, ಒರೆಸಿ ಸ್ಲೀವ್ ಉದ್ದ ಮಾಡಿ. ನಿಲ್ಲದಿದ್ದರೆ ಬೋರ್ಡಿನಲ್ಲಿದೆ: ತೊಳೆದು ಒಣಗಿಸಿ, 100 ಕಿಲೋ ತನ್ನ ಜಾಗದಲ್ಲಿ ಇದೆಯೇ ಅಳೆಯಿರಿ.

ವರ್ಷದ ಮೇಲೆ ದನಿ ಕ್ಷೀಣ, ಸೆಲ್ ಹೊಸತು: ಸ್ಕ್ರೂಗಳ ಮೇಲೆ ಸುಣ್ಣದ ಪದರ ಕಟ್ಟಿದೆ. ಬೋರ್‌ವೆಲ್ ನೀರಿನಲ್ಲಿ ಇದು ತಪ್ಪಿದ್ದಲ್ಲ. ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿ, ಉಜ್ಜಿ, ತೊಳೆದು ಮತ್ತೆ ಹಾಕುವಾಗ ಎರಡು ವೈರನ್ನು ಅದಲುಬದಲು ಮಾಡಿ, ಸವೆತ ಎರಡು ಸ್ಕ್ರೂಗೂ ಹಂಚಿಹೋಗುತ್ತದೆ.